ಎಬ್ಬಿಸಿದರೂ ಏಳದ ಥ್ರೆಡ್: ಕಂಡಿಷನ್ ವೇರಿಯಬಲ್ ಎಲ್ಲಿ ಕೈಕೊಡುತ್ತದೆ?

ಪ್ರಶ್ನೆ: ನಾವು ಮೂವರು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದೇವೆ. ಪಾಠಕ್ಕೆಂದು ಬಳಸುವ ಪುಟ್ಟ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಒಂದರ ಮೇಲೆ, ಮೆಕ್ಕೆಜೋಳದ ಲಾರಿ ತೂಗುವ ವೇಬ್ರಿಡ್ಜ್‌ನಿಂದ ತೂಕ ಓದಿ ಡಿಸ್ಕ್‌ಗೆ ಬರೆಯುವ ಪ್ರಾಜೆಕ್ಟ್ ನಮ್ಮದು. ಸೀರಿಯಲ್ ಕೇಬಲ್‌ನಲ್ಲಿ 9600 ಬಾಡ್ ವೇಗದಲ್ಲಿ ಅಕ್ಷರಗಳು ಬರುತ್ತವೆ. ಇಂಟರಪ್ಟ್ ಹ್ಯಾಂಡ್ಲರ್ (ಸಾಧನ ಕರೆದಾಗ ಓಡುವ ಕೋಡ್) ಅವನ್ನು ರಿಂಗ್ ಬಫರ್‌ಗೆ ಹಾಕುತ್ತದೆ, ಒಂದು ಥ್ರೆಡ್ (ತನ್ನಷ್ಟಕ್ಕೆ ಓಡುವ ಕೆಲಸದ ಎಳೆ) ಅವನ್ನು ಸಾಲುಗಳಾಗಿ ಜೋಡಿಸಿ 8 ಜಾಗದ ಕ್ಯೂಗೆ ಸೇರಿಸುತ್ತದೆ, ಇನ್ನೆರಡು ಥ್ರೆಡ್‌ಗಳು ಅಲ್ಲಿಂದ ತೆಗೆದು ಬರೆಯುತ್ತವೆ. ಕರ್ನಲ್‌ನಲ್ಲಿ ಲಾಕ್ ಇತ್ತು, ಕಂಡಿಷನ್ ವೇರಿಯಬಲ್ (ಚಿಕ್ಕದಾಗಿ ಸಿವಿ: ಷರತ್ತು ಈಡೇರುವವರೆಗೆ ಥ್ರೆಡ್ ಮಲಗಿ ಕಾಯುವ ಸಲಕರಣೆ) ಇರಲಿಲ್ಲ, ನಾವೇ ಬರೆದೆವು. ಒಂದು ಕೋರ್‌ನಲ್ಲಿ ಚೆನ್ನಾಗಿ ಓಡುತ್ತದೆ. ನಾಲ್ಕು ಕೋರ್ ಕೊಟ್ಟರೆ ಎರಡು ಮೂರು ಗಂಟೆಯಲ್ಲಿ ಎಲ್ಲ ನಿಂತುಬಿಡುತ್ತದೆ. ಹುಡುಕೋಣವೆಂದು ಪ್ರಿಂಟ್ ಹಾಕಿದರೆ ನಿಲ್ಲುವುದೇ ಇಲ್ಲ! ನಮ್ಮ ವೇಟ್ ಹೀಗಿದೆ:

    ವೇಟ್(ಸಿವಿ, ಲಾಕ್):
        ಲಾಕ್ ಬಿಡು
        ಸಿವಿಯ ಸಾಲಿಗೆ ನನ್ನನ್ನು ಸೇರಿಸು
        ಸ್ಥಿತಿ = ಮಲಗಿದೆ
        ಶೆಡ್ಯೂಲರ್ ಕರೆ
        ಲಾಕ್ ಹಿಡಿ

ಷರತ್ತನ್ನು ‘ಇಫ್’ನಲ್ಲಿ ನೋಡುತ್ತೇವೆ. ಇಡೀ ಕ್ಯೂಗೆ ಒಂದೇ ಸಿವಿ. ತಪ್ಪು ಎಲ್ಲಿದೆ? ‘ವೈಲ್’ ಯಾಕೆ ಬೇಕು? ಸಿಗ್ನಲ್ ಮಾಡಿ ಒಬ್ಬರನ್ನು ಎಬ್ಬಿಸಬೇಕೋ, ಬ್ರಾಡ್‌ಕಾಸ್ಟ್ ಮಾಡಿ ಎಲ್ಲರನ್ನೂ ಎಬ್ಬಿಸಬೇಕೋ? ಇಂಟರಪ್ಟ್ ಹ್ಯಾಂಡ್ಲರ್ ಒಳಗಿನಿಂದ ಸಿಗ್ನಲ್ ಮಾಡಬಹುದೇ?

ಉತ್ತರ: ನಿಮ್ಮ ವೇಟ್‌ನ ಮೊದಲ ಸಾಲಿಗೂ ಎರಡನೆಯ ಸಾಲಿಗೂ ನಡುವೆ ತೂತಿದೆ. ಗಂಟೆಗಟ್ಟಲೆ ಓಡಿ ನಿಲ್ಲುವುದಕ್ಕೆ ಮುಖ್ಯ ಕಾರಣ ಅದೇ. ಉಳಿದ ಮೂರು ಪ್ರಶ್ನೆಗಳಲ್ಲೂ ಒಂದೊಂದು ತಪ್ಪು ಅಡಗಿದೆ. ಆದರೆ ಮೊದಲನೆಯದನ್ನು ಸರಿಮಾಡದೆ ಅವುಗಳ ಬೆನ್ನು ಹತ್ತಿದರೆ ಯಾವುದು ಯಾವುದರಿಂದ ಎಂದು ತಿಳಿಯುವುದಿಲ್ಲ.

ಕಂಡಿಷನ್ ವೇರಿಯಬಲ್‌ಗೆ ನೆನಪಿಲ್ಲ. ಸೆಮಫೋರ್‌ನ ಒಳಗೆ ಒಂದು ಎಣಿಕೆ ಇರುತ್ತದೆ. ಯಾರೂ ಕಾಯದಿದ್ದಾಗ ಅದನ್ನು ಏರಿಸಿದರೂ ಆ ಏರಿಕೆ ಉಳಿಯುತ್ತದೆ, ಆಮೇಲೆ ಬಂದವರಿಗೆ ಸಿಗುತ್ತದೆ. ಸಿವಿಯ ಒಳಗೆ ಮಲಗಿದ ಥ್ರೆಡ್‌ಗಳ ಸಾಲು ಬಿಟ್ಟು ಬೇರೇನೂ ಇಲ್ಲ. ಸಾಲು ಖಾಲಿಯಿದ್ದಾಗ ಮಾಡಿದ ಸಿಗ್ನಲ್ ಗಾಳಿಗೆ ಹೋದಂತೆಯೇ. ನಿಜವಾದ ಸ್ಥಿತಿ ಇರುವುದು ನಿಮ್ಮ ‘ಎಣಿಕೆ’ ಎಂಬ ವೇರಿಯಬಲ್‌ನಲ್ಲಿ, ಅದನ್ನು ಕಾಯುವುದು ಲಾಕ್. ವೇಟ್‌ಗೆ ಲಾಕ್ ಅನ್ನೂ ಕೊಡಬೇಕಾಗಿರುವುದು ಇದಕ್ಕೇ.

ಈಗ ನಿಮ್ಮ ಕೋಡ್ ನಡೆಯುವ ರೀತಿ ನೋಡಿ. ಬರೆಯುವ ಥ್ರೆಡ್ ‘ಎಣಿಕೆ ಸೊನ್ನೆ’ ಎಂದು ಕಂಡು ವೇಟ್‌ಗೆ ಬಂತು, ಲಾಕ್ ಬಿಟ್ಟಿತು. ಅದು ಸಾಲಿಗೆ ಸೇರುವ ಮೊದಲೇ ಇನ್ನೊಂದು ಕೋರ್‌ನಲ್ಲಿ ಜೋಡಿಸುವ ಥ್ರೆಡ್ ಲಾಕ್ ಹಿಡಿದು, ಒಂದು ತೂಕ ಸೇರಿಸಿ, ಸಿಗ್ನಲ್ ಮಾಡಿತು. ಸಾಲಿನಲ್ಲಿ ಯಾರೂ ಇಲ್ಲ. ಅದಾದ ಮೇಲೆ ನಮ್ಮ ಥ್ರೆಡ್ ಸಾಲಿಗೆ ಸೇರಿ ಮಲಗಿತು. ಕ್ಯೂನಲ್ಲಿ ತೂಕ ಇದೆ, ತೆಗೆಯಬೇಕಾದವನು ನಿದ್ದೆಯಲ್ಲಿದ್ದಾನೆ. ಮುಂದಿನ ಲಾರಿ ಬಂದು ಮತ್ತೊಂದು ಸಿಗ್ನಲ್ ಆದರೆ ಏನೋ ಎದ್ದಾನು. ಎರಡೂ ಬರೆಯುವ ಥ್ರೆಡ್‌ಗಳಿಗೆ ಹೀಗಾಗಿ, ಆ ಹೊತ್ತಿಗೇ ಕೊನೆಯ ತೂಕವೂ ಬಂದಿದ್ದರೆ ಅಲ್ಲಿಗೆ ನಿಂತಿತು. ಇದನ್ನೇ ಕಳೆದುಹೋದ ವೇಕಪ್ ಎನ್ನುವುದು.

ಒಂದು ಕೋರ್‌ನಲ್ಲೂ ಈ ತೂತು ಇದ್ದೇ ಇದೆ. ಟೈಮರ್ ಇಂಟರಪ್ಟ್ ಸರಿಯಾಗಿ ಆ ಕೆಲವು ಇನ್‌ಸ್ಟ್ರಕ್ಷನ್‌ಗಳ ನಡುವೆಯೇ ಬರಬೇಕು, ಅಷ್ಟೇ. ಸೆಕೆಂಡಿಗೆ 100 ಸಲ ಬರುವ ಟೈಮರ್‌ಗೆ ಆ ಜಾಗ ಸಿಗುವುದು ಅಪರೂಪ. ಪ್ರಿಂಟ್ ಹಾಕಿದಾಗ ರೋಗ ಮಾಯವಾಗುವುದರಲ್ಲೂ ವಿಚಿತ್ರವಿಲ್ಲ: 40 ಅಕ್ಷರದ ಒಂದು ಸಾಲು 1,15,200 ಬಾಡ್‌ನ ಕನ್ಸೋಲ್‌ಗೆ ಹೋಗಲು ಸುಮಾರು ಮೂರೂವರೆ ಮಿಲಿಸೆಕೆಂಡ್ ಬೇಕು. ಸಾಲದ್ದಕ್ಕೆ ಪ್ರಿಂಟ್‌ಗೂ ಒಂದು ಲಾಕ್ ಇರುತ್ತದೆ, ನಾಲ್ಕು ಕೋರ್‌ಗಳೂ ಅಲ್ಲಿ ಒಂದರ ಹಿಂದೆ ಒಂದು ನಿಲ್ಲುತ್ತವೆ. ಹೀಗಾಗಿ ಪ್ರಿಂಟ್‌ನಿಂದ ಇಂಥ ತಪ್ಪು ಹುಡುಕಬಾರದು. ಬದಲಿಗೆ ತೂತನ್ನು ಹಿಗ್ಗಿಸಿ. ‘ಲಾಕ್ ಬಿಡು’ ಮತ್ತು ‘ಸಾಲಿಗೆ ಸೇರಿಸು’ ನಡುವೆ 10 ಮಿಲಿಸೆಕೆಂಡ್ ಸುಮ್ಮನೆ ಸುತ್ತುವ ಲೂಪ್ ಒಂದನ್ನು ತುರುಕಿ. ಗಂಟೆಗಳ ಮೇಲೆ ಬರುತ್ತಿದ್ದ ತಪ್ಪು ಬಹುಬೇಗ ಕಣ್ಣಿಗೆ ಬೀಳುತ್ತದೆ. ಸರಿಮಾಡಿದ ಮೇಲೂ ಆ ಲೂಪ್ ಇಟ್ಟೇ ಓಡಿಸಿ ನೋಡಿ.

ಸರಿಯಾದ ವೇಟ್‌ಗೆ ಸಿವಿಗೇ ಸೇರಿದ ಒಂದು ಸ್ಪಿನ್‌ಲಾಕ್ (ಸಿಗುವವರೆಗೆ ಮಲಗದೆ ಸುತ್ತುತ್ತಾ ಕಾಯುವ ಲಾಕ್) ಬೇಕು:

    ವೇಟ್(ಸಿವಿ, ಲಾಕ್):
        ಸಿವಿ.ಸ್ಪಿನ್ ಹಿಡಿ
        ಸಾಲಿನ ಕೊನೆಗೆ ನನ್ನನ್ನು ಸೇರಿಸು
        ಲಾಕ್ ಬಿಡು
        ಸ್ಥಿತಿ = ಮಲಗಿದೆ
        ಶೆಡ್ಯೂಲರ್ ಕರೆ, ಕೋರ್ ಬಿಟ್ಟ ಮೇಲೆ ಸಿವಿ.ಸ್ಪಿನ್ ಬಿಡಲಿ
        ಲಾಕ್ ಹಿಡಿ

    ಸಿಗ್ನಲ್(ಸಿವಿ):
        ಸಿವಿ.ಸ್ಪಿನ್ ಹಿಡಿ
        ಸಾಲಿನ ಮೊದಲ ಥ್ರೆಡ್ ಇದ್ದರೆ ತೆಗೆದು ರೆಡಿ ಸಾಲಿಗೆ ಹಾಕು
        ಸಿವಿ.ಸ್ಪಿನ್ ಬಿಡು

ಹೊರಗಿನ ಲಾಕ್ ಬಿಡುವ ಹೊತ್ತಿಗೆ ಥ್ರೆಡ್ ಆಗಲೇ ಸಾಲಿನಲ್ಲಿದೆ. ಆ ಲಾಕ್ ಹಿಡಿದು ಬಂದವನು ಸಿಗ್ನಲ್ ಮಾಡಲು ಹೋದರೆ ಸ್ಪಿನ್ ಸಿಗುವವರೆಗೆ ಕಾಯಲೇಬೇಕು; ಸಿಕ್ಕಾಗ ಮಲಗಿದವನು ಕಾಣುತ್ತಾನೆ. ಕೊನೆಯ ‘ಲಾಕ್ ಹಿಡಿ’ ಸ್ಪಿನ್ ಬಿಟ್ಟ ಮೇಲೆಯೇ ಇರಬೇಕು, ಏಕೆಂದರೆ ಲಾಕ್ ಸಿಗದಿದ್ದರೆ ಥ್ರೆಡ್ ಮತ್ತೆ ಮಲಗಬೇಕಾಗುತ್ತದೆ. ಸ್ಪಿನ್‌ಲಾಕ್ ಕೈಯಲ್ಲಿಟ್ಟುಕೊಂಡು ಮಲಗಿದವನನ್ನು ಕಾಯುತ್ತಾ ಬೇರೆ ಕೋರ್‌ಗಳು ಸುತ್ತುತ್ತಲೇ ಇರುತ್ತವೆ.

ಐದನೆಯ ಸಾಲಿನ ಮಾತು ಹೆಚ್ಚಿನವರು ತಪ್ಪುವ ಜಾಗ. ಶೆಡ್ಯೂಲರ್‌ಗೆ ಹೋಗುವ ಮೊದಲೇ ಸ್ಪಿನ್ ಬಿಟ್ಟರೆ ಏನಾಗುತ್ತದೆ? ಥ್ರೆಡ್‌ನ ರಿಜಿಸ್ಟರ್‌ಗಳು ಇನ್ನೂ ಉಳಿಸಿಲ್ಲ, ಅದು ಇನ್ನೂ ತನ್ನ ಕರ್ನಲ್ ಸ್ಟ್ಯಾಕ್ ಮೇಲೆಯೇ ಓಡುತ್ತಿದೆ. ಅಷ್ಟರಲ್ಲಿ ಎರಡನೆಯ ಕೋರ್ ಸಿಗ್ನಲ್ ಮಾಡಿ ಅದನ್ನು ರೆಡಿ ಸಾಲಿಗೆ ಹಾಕಿತು, ಮೂರನೆಯ ಕೋರ್ ಎತ್ತಿಕೊಂಡು ಓಡಿಸತೊಡಗಿತು. ಒಂದೇ ಸ್ಟ್ಯಾಕ್ ಮೇಲೆ ಎರಡು ಕೋರ್! ಇದರ ಫಲ ಹ್ಯಾಂಗ್ ಅಲ್ಲ, ಎಲ್ಲೋ ಸಂಬಂಧವಿಲ್ಲದ ವಿಳಾಸಕ್ಕೆ ರಿಟರ್ನ್ ಆಗಿ ಪ್ಯಾನಿಕ್. ಪಾಠಕ್ಕೆಂದೇ ಬರೆದ ಎಕ್ಸ್‌ವಿ6 ಕರ್ನಲ್ ಇದನ್ನು ಅಚ್ಚುಕಟ್ಟಾಗಿ ನಿಭಾಯಿಸುತ್ತದೆ: ಅದರ ‘ಸ್ಲೀಪ್’ ಮೊದಲು ಪ್ರೋಸೆಸ್‌ನ ಸ್ವಂತ ಲಾಕ್ ಹಿಡಿದು, ಆಮೇಲೆ ಕೊಟ್ಟ ಲಾಕ್ ಬಿಡುತ್ತದೆ; ಪ್ರೋಸೆಸ್‌ನ ಲಾಕ್ ಅನ್ನು ಕಾಂಟೆಕ್ಸ್ಟ್ ಸ್ವಿಚ್ (ಕೋರ್ ಒಂದನ್ನು ಬಿಟ್ಟು ಇನ್ನೊಂದನ್ನು ಓಡಿಸಲು ಹೊರಳುವುದು) ದಾಟಿಸಿ, ಆ ಕಡೆ ಶೆಡ್ಯೂಲರ್ ಬಿಡುತ್ತದೆ. ನೀವು ಬಳಸುತ್ತಿರುವುದು ಓಎಸ್161 ಎಂಬ ಇನ್ನೊಂದು ಪಾಠದ ಕರ್ನಲ್ ಆಗಿದ್ದರೆ ಈ ತಲೆನೋವು ನಿಮ್ಮದಲ್ಲ. ಅದರ ವೇಟ್ ಚಾನೆಲ್‌ನ ಸ್ಲೀಪ್‌ಗೆ ಸ್ಪಿನ್‌ಲಾಕ್ ಹಿಡಿದುಕೊಂಡೇ ಹೋಗಬೇಕು, ಬಿಡುವ ಕೆಲಸ ಅದು ನೋಡಿಕೊಳ್ಳುತ್ತದೆ.

ಲಿನಕ್ಸ್ ಕರ್ನಲ್ ಬೇರೆ ದಾರಿ ಹಿಡಿದಿದೆ. ಅಲ್ಲಿ ವೇಟ್ ಕ್ಯೂಗಳಿವೆ: ಥ್ರೆಡ್ ಮೊದಲು ಸಾಲಿಗೆ ಸೇರಿ, ತನ್ನ ಸ್ಥಿತಿಯನ್ನು ‘ಮಲಗಿದೆ’ ಎಂದು ಬರೆದುಕೊಂಡು, ಅದಾದ ಮೇಲೆ ಷರತ್ತು ನೋಡಿ, ಕೊನೆಗೆ ಶೆಡ್ಯೂಲರ್ ಕರೆಯುತ್ತದೆ. ನಡುವೆ ವೇಕಪ್ ಬಂದರೆ ಅದು ಸ್ಥಿತಿಯನ್ನು ‘ಓಡುತ್ತಿದೆ’ ಎಂದು ತಿದ್ದಿರುತ್ತದೆ, ಆದ್ದರಿಂದ ಶೆಡ್ಯೂಲರ್ ಅದನ್ನು ಮಲಗಿಸುವುದಿಲ್ಲ. ಈ ಕ್ರಮದಲ್ಲಿ ಸ್ಥಿತಿ ಬರೆಯುವುದಕ್ಕೂ ಷರತ್ತು ಓದುವುದಕ್ಕೂ ನಡುವೆ ಮೆಮೊರಿ ಬ್ಯಾರಿಯರ್ (ಓದು-ಬರಹದ ಕ್ರಮ ಅದಲುಬದಲಾಗದಂತೆ ತಡೆಯುವ ಸೂಚನೆ) ಬೇಕೇ ಬೇಕು. ಲಾಕ್ ಇಟ್ಟುಕೊಂಡು ಮಾಡುವುದು ನಿಮ್ಮಂಥ ಪ್ರಾಜೆಕ್ಟ್‌ಗೆ ಸುಲಭ, ಅದನ್ನೇ ಮಾಡಿ.

ಇನ್ನು ‘ವೈಲ್’. 1974ರಲ್ಲಿ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ ವಿವರಿಸಿದ ಮಾನಿಟರ್‌ನಲ್ಲಿ (ಲಾಕ್ ಮತ್ತು ಸಿವಿಗಳನ್ನು ಒಟ್ಟಿಗೆ ಕಟ್ಟಿದ ರಚನೆ) ಸಿಗ್ನಲ್ ಮಾಡಿದವನು ಅಲ್ಲೇ ನಿಂತು, ಲಾಕ್ ಅನ್ನು ಎದ್ದವನ ಕೈಗೇ ಕೊಡುತ್ತಾನೆ. ಹಾಗಿದ್ದರೆ ‘ಇಫ್’ ಸಾಕು, ನಡುವೆ ಯಾರೂ ನುಗ್ಗುವಂತಿಲ್ಲ. ಝೆರಾಕ್ಸ್ ಸಂಸ್ಥೆಯ ಮೆಸಾ ಭಾಷೆಯಲ್ಲಿ ಇದನ್ನು ಸಡಿಲಿಸಿದರು; ಬಟ್ಲರ್ ಲ್ಯಾಂಪ್ಸನ್ ಮತ್ತು ಡೇವಿಡ್ ರೆಡೆಲ್ 1980ರಲ್ಲಿ ಅದರ ಅನುಭವ ಬರೆದರು. ಅಲ್ಲಿ ಸಿಗ್ನಲ್ ಎಂದರೆ ‘ಒಮ್ಮೆ ಎದ್ದು ನೋಡು’ ಎಂಬ ಸುಳಿವು ಮಾತ್ರ. ಇಂದಿನ ಕರ್ನಲ್‌ಗಳು ನಡೆಯುವುದು ಹೆಚ್ಚಾಗಿ ಹೀಗೆಯೇ, ನೀವು ಬರೆದಿರುವುದೂ ಇದೇ. ಭಾನುವಾರ ಬೆಳಿಗ್ಗೆ ಬೆಣ್ಣೆದೋಸೆ ಹೋಟೆಲಿನಲ್ಲಿ ‘ಜಾಗ ಆಯ್ತು, ಬನ್ನಿ’ ಎಂದು ಕೂಗಿದ ಮಾತ್ರಕ್ಕೆ ಕುರ್ಚಿ ನಿಮ್ಮದಾಗುವುದಿಲ್ಲ. ನೀವು ಒಳಗೆ ಬರುವಷ್ಟರಲ್ಲಿ ಈಗ ತಾನೇ ಬಾಗಿಲು ದಾಟಿದವರು ಕೂತಿರಬಹುದು. ಹಾಗೆಯೇ ಎದ್ದ ಥ್ರೆಡ್ ರೆಡಿ ಸಾಲಿನಲ್ಲಿ ತನ್ನ ಸರದಿ ಕಾಯುತ್ತಿರುವಾಗ, ಎರಡನೆಯ ಬರೆಯುವ ಥ್ರೆಡ್ ತನ್ನ ಕೆಲಸ ಮುಗಿಸಿ ಬಂದು, ಮಲಗದೆ ನೇರವಾಗಿ ಲಾಕ್ ಹಿಡಿದು ತೂಕ ತೆಗೆದುಕೊಂಡು ಹೋಗಬಹುದು. ‘ಇಫ್’ ಬರೆದಿದ್ದರೆ ಮೊದಲನೆಯದು ಖಾಲಿ ಕ್ಯೂನಿಂದ ತೆಗೆಯುತ್ತದೆ, ಎಣಿಕೆ ಸೊನ್ನೆಯಿಂದ ಕೆಳಕ್ಕಿಳಿಯುತ್ತದೆ. ಎಣಿಕೆ ಅನ್‌ಸೈನ್ಡ್ (ಋಣ ಸಂಖ್ಯೆ ಹಿಡಿಯದ ಬಗೆ) ಆಗಿದ್ದರೆ ಇನ್ನೂ ಕೆಟ್ಟದು: ಅದು 400 ಕೋಟಿ ದಾಟಿದ ಸಂಖ್ಯೆಯಾಗಿ, ಕ್ಯೂ ಸದಾ ತುಂಬಿದಂತೆ ತೋರುತ್ತದೆ. ಆದ್ದರಿಂದ:

    ಲಾಕ್ ಹಿಡಿ
    ಎಣಿಕೆ == 0 ಮತ್ತು ನಿಲ್ಲಿಸು == ಇಲ್ಲ ಆಗಿರುವವರೆಗೂ:
        ವೇಟ್(ಖಾಲಿಯಲ್ಲ, ಲಾಕ್)
    ಎಣಿಕೆ > 0 ಆದರೆ: ತೂಕ ತೆಗೆ, ಎಣಿಕೆ ಇಳಿಸು, ಸಿಗ್ನಲ್(ತುಂಬಿಲ್ಲ)
    ಲಾಕ್ ಬಿಡು

ಯುನಿಕ್ಸ್ ಮಾದರಿಯ ವ್ಯವಸ್ಥೆಗಳ ಪೋಸಿಕ್ಸ್ ಮಾನಕವಂತೂ ಯಾರೂ ಸಿಗ್ನಲ್ ಮಾಡದಿದ್ದರೂ ವೇಟ್‌ನಿಂದ ಎದ್ದುಬರಬಹುದು ಎಂದು ಹೇಳಿಯೇ ಬಿಟ್ಟಿದೆ. ‘ನಿಲ್ಲಿಸು’ ಎಂಬುದನ್ನು ಗಮನಿಸಿ: ಯಂತ್ರ ಬಂದ್ ಮಾಡುವಾಗ ಲಾಕ್ ಹಿಡಿದುಕೊಂಡೇ ಅದನ್ನು ‘ಹೌದು’ ಮಾಡಿ, ಎರಡೂ ಸಿವಿಗಳ ಮೇಲೆ ಬ್ರಾಡ್‌ಕಾಸ್ಟ್ ಮಾಡಬೇಕು. ಲಾಕ್ ಇಲ್ಲದೆ ಬರೆದರೆ ಮೇಲೆ ಹೇಳಿದ ಕಳೆದುಹೋದ ವೇಕಪ್ ಹಿಂಬಾಗಿಲಿನಿಂದ ಮತ್ತೆ ಒಳಗೆ ಬರುತ್ತದೆ.

ಕೋಡ್‌ನಲ್ಲಿ ಎರಡು ಸಿವಿಗಳಿರುವುದನ್ನು ನೋಡಿದಿರಿ. ಒಂದೇ ಸಿವಿ ಇಟ್ಟು ಸಿಗ್ನಲ್ ಮಾಡಿದರೆ, ‘ವೈಲ್’ ಇದ್ದರೂ ಎಲ್ಲರೂ ಮಲಗಿಬಿಡುವ ಸಾಧ್ಯತೆ ಉಂಟು. ಕ್ಯೂನ ಜಾಗ 1 ಎಂದಿಟ್ಟುಕೊಳ್ಳಿ. ಬರೆಯುವ ಥ್ರೆಡ್‌ಗಳು, ‘ಅ’ ಮತ್ತು ‘ಆ’, ಎರಡೂ ಮಲಗಿವೆ. ಜೋಡಿಸುವ ಥ್ರೆಡ್ ಒಂದು ತೂಕ ಹಾಕಿ ಸಿಗ್ನಲ್ ಮಾಡಿ ‘ಅ’ಯನ್ನು ಎಬ್ಬಿಸಿತು; ಇನ್ನೊಂದು ಹಾಕಲು ಹೋದರೆ ಜಾಗವಿಲ್ಲ, ತಾನೂ ಅದೇ ಸಿವಿಯಲ್ಲಿ ಮಲಗಿತು. ‘ಅ’ ತೂಕ ತೆಗೆದು ಸಿಗ್ನಲ್ ಮಾಡಿತು. ಆದರೆ ಸಾಲಿನ ಮೊದಲಿಗಿರುವುದು ‘ಆ’. ‘ಆ’ ಎದ್ದು ನೋಡಿದರೆ ಕ್ಯೂ ಖಾಲಿ, ಮತ್ತೆ ಮಲಗಿತು; ‘ಅ’ಯೂ ಮಲಗಿತು. ಸಿಗ್ನಲ್ ತಪ್ಪು ಕಿವಿಗೆ ಬಿದ್ದು ವ್ಯರ್ಥವಾಯಿತು. ನಿಮ್ಮ ಕ್ಯೂನ ಜಾಗ 8, ಬರೆಯುವವರು ಇಬ್ಬರೇ. ಖಾಲಿ ಕ್ಯೂ ತುಂಬುವುದರೊಳಗೆ ಕನಿಷ್ಠ ಎಂಟು ಸಿಗ್ನಲ್ ಆಗಿ ಇಬ್ಬರೂ ಎದ್ದಿರುತ್ತಾರೆ, ಆದ್ದರಿಂದ ಈಗ ಇದು ನಿಮಗೆ ಸಿಗುವುದಿಲ್ಲ. ನಾಳೆ ಬರೆಯುವ ಥ್ರೆಡ್‌ಗಳನ್ನು ಹದಿನಾರಕ್ಕೇರಿಸಿದರೆ ಸಿಗಬಹುದು. ಹಾಗಾಗಿ ಇಂಥ ಕ್ಯೂಗಳನ್ನು ಜಾಗ 1 ಮಾಡಿ ಪರೀಕ್ಷಿಸುವುದು ಒಳ್ಳೆಯ ರೂಢಿ.

ಸಿಗ್ನಲ್‌ಗೋ ಬ್ರಾಡ್‌ಕಾಸ್ಟ್‌ಗೋ ಎನ್ನುವುದಕ್ಕೆ ಅಳತೆಗೋಲು ಇಷ್ಟು: ಆ ಸಿವಿಯಲ್ಲಿ ಮಲಗಿದ ಯಾರು ಎದ್ದರೂ ಕೆಲಸ ಆಗುವಂತಿರಬೇಕು, ಮತ್ತು ಒಂದು ಬದಲಾವಣೆಯಿಂದ ಒಬ್ಬರಿಗೆ ಮಾತ್ರ ದಾರಿಯಾಗಬೇಕು. ಎರಡೂ ನಿಜವಾದರೆ ಸಿಗ್ನಲ್ ಸಾಕು. ಇಲ್ಲದಿದ್ದರೆ ಬ್ರಾಡ್‌ಕಾಸ್ಟ್. ಮೆಮೊರಿ ಹಂಚುವ ಕೋಡ್ ಇದಕ್ಕೆ ಹಳೆಯ ಉದಾಹರಣೆ: ಒಬ್ಬ 100 ಪುಟಕ್ಕೆ ಕಾಯುತ್ತಿದ್ದಾನೆ, ಇನ್ನೊಬ್ಬ 10ಕ್ಕೆ; 50 ಪುಟ ಬಿಡುಗಡೆಯಾದಾಗ ಸಿಗ್ನಲ್ ಮೊದಲನೆಯವನಿಗೆ ಹೋದರೆ ಅವನು ಮತ್ತೆ ಮಲಗುತ್ತಾನೆ, 10 ಸಾಕಿದ್ದವನಿಗೆ ಸುದ್ದಿಯೇ ಇಲ್ಲ. ಬ್ರಾಡ್‌ಕಾಸ್ಟ್ ಎಂದೂ ತಪ್ಪು ಫಲ ಕೊಡದು, ನಿಧಾನ ಮಾಡಬಹುದು ಅಷ್ಟೇ: 50 ಥ್ರೆಡ್ ಎದ್ದು ಒಂದೇ ಲಾಕ್‌ಗೆ ಮುಗಿಬಿದ್ದು, 49 ಮತ್ತೆ ಮಲಗುತ್ತವೆ. ಸಂದೇಹವಿದ್ದಲ್ಲಿ ಮೊದಲು ಬ್ರಾಡ್‌ಕಾಸ್ಟ್ ಬರೆದು ಸರಿಯಾಗಿ ಓಡಿಸಿ, ಅಳೆದು ನೋಡಿ, ಆಮೇಲೆ ಬೇಕಿದ್ದರೆ ಸಿಗ್ನಲ್‌ಗೆ ಇಳಿಸಿ.

ಇಲ್ಲೊಂದು ಜಾಣತನ ಮಾಡಲು ಹೋಗುವವರಿದ್ದಾರೆ: ಎಣಿಕೆ 0ಯಿಂದ 1 ಆದಾಗ ಮಾತ್ರ ಸಿಗ್ನಲ್ ಮಾಡಿದರೆ ಸಾಲದೇ ಎಂದು. ಸಾಲದು. ಇಬ್ಬರು ಮಲಗಿರುವಾಗ ಬೆನ್ನುಬೆನ್ನಿಗೆ ಎರಡು ತೂಕ ಬಂದರೆ ಒಬ್ಬನೇ ಏಳುತ್ತಾನೆ. ಸಾಲು ಖಾಲಿಯಿದ್ದಾಗ ಸಿಗ್ನಲ್ ಹೇಗೂ ಅಗ್ಗ, ಉಳಿಸುವುದರಲ್ಲಿ ಅರ್ಥವಿಲ್ಲ.

ಇಂಟರಪ್ಟ್ ಹ್ಯಾಂಡ್ಲರ್ ಸಿಗ್ನಲ್ ಮಾಡಬಹುದು, ವೇಟ್ ಮಾಡುವಂತಿಲ್ಲ. ಮಲಗಿಸಬಲ್ಲ ಲಾಕ್ ಅನ್ನೂ ಅದು ಹಿಡಿಯುವಂತಿಲ್ಲ, ಏಕೆಂದರೆ ಅದಕ್ಕೆ ತನ್ನದೇ ಆದ ಥ್ರೆಡ್ ಇಲ್ಲ. ಮಲಗಿದರೆ ಪಾಪ, ತಡೆದು ನಿಲ್ಲಿಸಿದ ಯಾವುದೋ ಥ್ರೆಡ್ ಮಲಗುತ್ತದೆ. ಹಾಗಾಗಿ ರಿಂಗ್ ಬಫರ್‌ಗೆ ಸ್ಪಿನ್‌ಲಾಕ್ ಬೇಕು. ಜೋಡಿಸುವ ಥ್ರೆಡ್ ಅದನ್ನು ಹಿಡಿಯುವ ಮೊದಲು ಆ ಕೋರ್‌ನ ಇಂಟರಪ್ಟ್‌ಗಳನ್ನು ಮುಚ್ಚಲೇಬೇಕು. ಮುಚ್ಚದಿದ್ದರೆ, ಥ್ರೆಡ್ ಸ್ಪಿನ್ ಹಿಡಿದಿರುವಾಗಲೇ ಅದೇ ಕೋರ್ ಮೇಲೆ ಸೀರಿಯಲ್ ಇಂಟರಪ್ಟ್ ಬಂದರೆ ಹ್ಯಾಂಡ್ಲರ್ ಆ ಸ್ಪಿನ್‌ಗಾಗಿ ಸುತ್ತುತ್ತದೆ, ಥ್ರೆಡ್ ಹ್ಯಾಂಡ್ಲರ್ ಮುಗಿಯಲೆಂದು ನಿಂತಿರುತ್ತದೆ. ಹ್ಯಾಂಡ್ಲರ್‌ನಿಂದ ಸಿಗ್ನಲ್ ಮಾಡುವುದಾದರೆ ಸಿವಿ.ಸ್ಪಿನ್‌ಗೂ, ಶೆಡ್ಯೂಲರ್‌ನ ರೆಡಿ ಸಾಲಿನ ಸ್ಪಿನ್‌ಗೂ ಇದೇ ನಿಯಮ. ಮತ್ತು ಇಲ್ಲಿ ವೇಟ್ ಬಿಡಬೇಕಾದದ್ದು ಮಲಗಿಸುವ ಲಾಕ್ ಅನ್ನಲ್ಲ, ಈ ಸ್ಪಿನ್‌ಲಾಕ್ ಅನ್ನು. ಅದಕ್ಕೆಂದೇ ವೇಟ್‌ನ ಎರಡನೆಯ ರೂಪ ಬರೆದುಕೊಳ್ಳಿ. ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ ಈ ತೊಡಕನ್ನು ಇನ್ನೊಂದು ರೀತಿ ಬಿಡಿಸಿದೆ: ಸಾಮಾನ್ಯ ಇಂಟರಪ್ಟ್ ಕೆಲಸವನ್ನೂ ಅಲ್ಲಿ ಪ್ರತ್ಯೇಕ ಥ್ರೆಡ್ ಮಾಡುತ್ತದೆ, ಆದ್ದರಿಂದ ಮಾಮೂಲಿ ಮ್ಯೂಟೆಕ್ಸ್ (ಮಲಗಿಸಬಲ್ಲ ಲಾಕ್) ಹಿಡಿದೇ ಸಿಗ್ನಲ್ ಮಾಡಬಹುದು.

ರಿಂಗ್ ತುಂಬಿದರೆ ಹ್ಯಾಂಡ್ಲರ್ ಕಾಯುವಂತಿಲ್ಲವಾದ್ದರಿಂದ ಅಕ್ಷರ ಬಿಸಾಡಿ, ಬಿಸಾಡಿದ್ದನ್ನು ಎಣಿಸಿಡಬೇಕು. 9600 ಬಾಡ್‌ನಲ್ಲಿ, ಸ್ಟಾರ್ಟ್ ಮತ್ತು ಸ್ಟಾಪ್ ಬಿಟ್ ಸೇರಿ ಅಕ್ಷರಕ್ಕೆ 10 ಬಿಟ್ ಎಂದರೆ, ಸೆಕೆಂಡಿಗೆ 960 ಅಕ್ಷರ. 256 ಬೈಟ್‌ನ ರಿಂಗ್ ಕಾಲು ಸೆಕೆಂಡಿನಲ್ಲಿ ತುಂಬುತ್ತದೆ. ಡಿಸ್ಕ್ ಸ್ವಲ್ಪ ತಡಮಾಡಿದರೆ ಮುಗಿಯಿತು. 4096 ಇಟ್ಟರೆ ನಾಲ್ಕು ಸೆಕೆಂಡಿನ ಉಸಿರು ಸಿಗುತ್ತದೆ. ಇಷ್ಟಾದರೂ ಸಾಲಿನ ಮಧ್ಯದ ಅಕ್ಷರ ಕಳೆದರೆ 24,560 ಕೆಜಿ ಎಂಬುದು 2,456 ಆಗಿ ದಾಖಲಾಗಬಹುದು. ಆದ್ದರಿಂದ ಬಿಸಾಡಿದ ಎಣಿಕೆ ಏರಿದಾಗಲೆಲ್ಲ ಮುಂದಿನ ಸಾಲಿನ ಆರಂಭದವರೆಗೆ ಬಂದದ್ದನ್ನು ಪೂರ್ತಿ ಕೈಬಿಡಿ. ರೈತರ ದುಡ್ಡಿನ ಲೆಕ್ಕ ಇದು, ಊಹೆಗೆ ಬಿಡಬಾರದು.

ಲಾಕ್ ಬಿಟ್ಟ ಮೇಲೆ ಸಿಗ್ನಲ್ ಮಾಡಿದರೆ ಎದ್ದವನು ಲಾಕ್‌ಗೆ ಡಿಕ್ಕಿ ಹೊಡೆಯುವುದಿಲ್ಲ, ವೇಗ ಎಂಬ ಸಲಹೆ ನಿಮ್ಮ ಕಣ್ಣಿಗೆ ಬಿದ್ದೀತು. ಸಿವಿ ಸದಾ ಬದುಕಿರುವ ವಸ್ತುವಾದರೆ ಅದು ನಡೆಯುತ್ತದೆ. ಆದರೆ ಒಂದು ಬೇಡಿಕೆಗೆಂದು ಹುಟ್ಟಿ ಸಾಯುವ ವಸ್ತುವಿನ ಒಳಗೆ ಸಿವಿ ಇದ್ದರೆ ಅಪಾಯ: ನೀವು ‘ಮುಗಿಯಿತು’ ಎಂದು ಬರೆದು ಲಾಕ್ ಬಿಟ್ಟಿರಿ, ಕಾಯಬೇಕಾದವನು ಆಗಲೇ ಬಂದು, ‘ಮುಗಿಯಿತು’ ಕಂಡು, ಮಲಗದೆ ಆ ಮೆಮೊರಿಯನ್ನೇ ಬಿಡುಗಡೆ ಮಾಡಿದ, ಆಮೇಲೆ ನೀವು ಸಿಗ್ನಲ್ ಮಾಡುವುದು ಯಾರದೋ ಮೆಮೊರಿಗೆ. ಲಿನಕ್ಸ್‌ನಲ್ಲಿ ಸ್ಟ್ಯಾಕ್ ಮೇಲಿಟ್ಟ ಸೆಮಫೋರ್‌ಗಳಿಗೆ ಇಂಥದೇ ತೊಂದರೆ ಇತ್ತು, ಅದಕ್ಕಾಗಿ 2.4.7ನೇ ಆವೃತ್ತಿಯಲ್ಲಿ ‘ಕಂಪ್ಲೀಷನ್’ ಎಂಬ ಬೇರೆ ಸಲಕರಣೆ ಬಂತು. ನೀವು ಲಾಕ್ ಹಿಡಿದುಕೊಂಡೇ ಸಿಗ್ನಲ್ ಮಾಡಿ. ಸಿಗ್ನಲ್ ಮತ್ತು ವೇಟ್ ಎರಡರ ಮೊದಲ ಸಾಲಿನಲ್ಲೂ ‘ಲಾಕ್ ನನ್ನ ಕೈಯಲ್ಲಿದೆ’ ಎಂಬ ಅಸರ್ಟ್ (ಸುಳ್ಳಾದರೆ ಅಲ್ಲೇ ನಿಲ್ಲಿಸುವ ತಪಾಸಣೆ) ಹಾಕಿ.

ಮತ್ತೆ ನಿಂತರೆ ಪ್ರಿಂಟ್ ಬೇಡ. ಒಂದು ಕೀ ಒತ್ತಿದಾಗ ಎಲ್ಲ ಥ್ರೆಡ್‌ಗಳ ಸ್ಥಿತಿ, ಯಾವ ಸಿವಿ ಅಥವಾ ಲಾಕ್‌ನ ಸಾಲಿನಲ್ಲಿವೆ, ಲಾಕ್ ಯಾರ ಕೈಯಲ್ಲಿದೆ, ಎಣಿಕೆ ಎಷ್ಟು ಎಂದು ತೋರಿಸುವ ಹತ್ತಿಪ್ಪತ್ತು ಸಾಲಿನ ಕೋಡ್ ಬರೆದಿಡಿ. ಎಣಿಕೆ ಸೊನ್ನೆಗಿಂತ ಹೆಚ್ಚಿದ್ದು, ಬರೆಯುವವರು ‘ಖಾಲಿಯಲ್ಲ’ ಸಾಲಿನಲ್ಲಿ ಮಲಗಿದ್ದು, ರೆಡಿ ಸಾಲು ಬರಿದಾಗಿದ್ದರೆ ವೇಕಪ್ ಕಳೆದಿದೆ. ಲಾಕ್‌ನ ಸಾಲಿನಲ್ಲಿ ಜನರಿದ್ದು, ಲಾಕ್ ಹಿಡಿದವನು ಬೇರೊಂದು ಸಿವಿಯಲ್ಲಿ ಮಲಗಿದ್ದರೆ ಒಂದರೊಳಗೊಂದು ಲಾಕ್ ಹಿಡಿದು ವೇಟ್ ಮಾಡಿದ್ದೀರಿ. ವೇಟ್ ಬಿಡುವುದು ತನಗೆ ಕೊಟ್ಟ ಲಾಕ್ ಒಂದನ್ನೇ. ಕೀ ಒತ್ತಿದರೂ ಉತ್ತರವೇ ಇಲ್ಲದಿದ್ದರೆ ಇಂಟರಪ್ಟ್ ಮುಚ್ಚಿದ ಕೋರ್ ಒಂದು ಸ್ಪಿನ್‌ಗಾಗಿ ಸುತ್ತುತ್ತಿದೆ.

ನೀವು ಕೇಳಿಲ್ಲ, ಆದರೆ ಬೇಕಾಗುತ್ತದೆ: ಕೇಬಲ್ ಕಿತ್ತುಬಂದರೆ ಐದು ಸೆಕೆಂಡಿನಲ್ಲಿ ತಿಳಿಸುವ ಗಡುವಿನ ವೇಟ್. ಗಡುವನ್ನು ‘ವೈಲ್’ಗಿಂತ ಮೊದಲು ಒಮ್ಮೆ ಲೆಕ್ಕ ಹಾಕಿ, 100 ಹರ್ಟ್ಸ್ ಟೈಮರ್‌ನಲ್ಲಿ ‘ಈಗ + 500 ಟಿಕ್’ ಎಂದು. ಲೂಪ್ ಒಳಗೆ ಪ್ರತಿ ಸಲ 500 ಕೊಟ್ಟರೆ ಸುಮ್ಮನೆ ಎದ್ದಾಗಲೆಲ್ಲ ಐದು ಸೆಕೆಂಡ್ ಹೊಸದಾಗಿ ಶುರುವಾಗುತ್ತದೆ. ಬೇರೆ ಕರ್ನಲ್‌ನ ಕೋಡ್ ನೋಡಿ ಬರೆಯುವಾಗ ಎಚ್ಚರ: ಫ್ರೀಬಿಎಸ್‌ಡಿಯ ಗಡುವಿನ ವೇಟ್ ‘ಇನ್ನೆಷ್ಟು ಟಿಕ್’ ಎಂದು ಕೇಳುತ್ತದೆ, ಸೊಲಾರಿಸ್‌ನದು ‘ಯಾವ ಹೊತ್ತಿನವರೆಗೆ’ ಎಂದು. ಟೈಮರ್ ಕೂಡ ಥ್ರೆಡ್ ಅನ್ನು ಸಾಲಿನಿಂದ ತೆಗೆಯುವಾಗ ಸಿವಿ.ಸ್ಪಿನ್ ಹಿಡಿಯಲಿ, ಇಲ್ಲವಾದರೆ ಟೈಮರ್ ಮತ್ತು ಸಿಗ್ನಲ್ ಎರಡೂ ಒಂದೇ ಥ್ರೆಡ್ ಅನ್ನು ರೆಡಿ ಸಾಲಿಗೆ ಎರಡು ಸಲ ಹಾಕುತ್ತವೆ. ಗಡುವು ಮುಗಿದು ಎದ್ದ ಥ್ರೆಡ್ ಮೊದಲು ಬಫರ್ ನೋಡಲಿ. ಅಲ್ಲಿ ಅಕ್ಷರಗಳಿದ್ದರೆ ಅವನ್ನು ತೆಗೆದುಕೊಳ್ಳಲಿ, ಖಾಲಿಯಿದ್ದರೆ ಮಾತ್ರ ಕೇಬಲ್ ಹೋಗಿದೆ ಎಂದು ಹೇಳಲಿ.